ಮಗಳ ಸ್ಕರ್ಟಿಗೊಂದು ಗೋತ್ರ

ಸ್ನೇಹಿತರೇ, ಇವತ್ತು ಇಲ್ಲಿನ ಕಿಯರ್ನಿ ಊರಿನ ಸ್ಕಾಟಿಷ್ ಬಟ್ಟೆ ಅಂಗಡಿಯಲ್ಲಿ ನಮ್ಮ ಯಜಮಾನರು ಗೋತ್ರ ಹೇಳಿದರು!

ಶನಿವಾರ ಶಾಲೆಯಲ್ಲಿ ಮಗಳು ಸುಧಾಳ ಸ್ಕಾಟಿಷ್ ಡಾನ್ಸ್ ಇದೆ. ಚೌಕಳಿ ಸ್ಕರ್ಟ್ ಬೇಕು. ಆದರೆ ಆ ಜನರಲ್ಲಿ ಒಂದೊಂದು ವಂಶಕ್ಕೂ ಒಂದೊಂದು ಚೌಕಳಿಯಂತೆ, ಕಂಡಕಂಡದ್ದನ್ನು ಉಡುವಂತಿಲ್ಲವಂತೆ.

ಅಂಗಡಿಯ ಮುದುಕ ದಪ್ಪ ಪುಸ್ತಕ ತೆರೆದು, "ನಿಮ್ಮ ವಂಶ ಯಾವುದು?" ಎಂದ. ಇವರು ಎದೆಯುಬ್ಬಿಸಿ, "ಭಾರದ್ವಾಜ" ಎಂದರು. ಪಾಪ, ಅವನು 'ಬಿ' ಅಕ್ಷರದ ಪುಟಗಳನ್ನೆಲ್ಲ ಹುಡುಕಿದ. ಸಿಗಲಿಲ್ಲ.

"ಸೋ ವಿ ಆರ್ ನೋಬಡಿ?" ಎಂದಳು ಸುಧಾ, ಕಣ್ಣಲ್ಲಿ ನೀರು.

ನನಗೆ ರೇಗಿತು. "ನಿಮ್ಮ ಪುಸ್ತಕದಲ್ಲಿ ಹೆಸರಿಲ್ಲದ ಮಗು ಕುಣಿಯಲೇಬಾರದೇನು?" ಎಂದು ಮುದುಕನನ್ನೇ ಕೇಳಿಬಿಟ್ಟೆ.

ಅವನು ಪುಸ್ತಕ ಮುಚ್ಚಿದ. "ಹಿಂದೆ ಒಂದು ವಂಶದ ಆಶ್ರಯದಲ್ಲಿ ಬದುಕಿದವರೂ ಅದರ ಚೌಕಳಿ ಉಡುತ್ತಿದ್ದರು. ಈ ದೇಶಕ್ಕೆ ಬಂದಾಗ ನಿಮಗೆ ಆಶ್ರಯ ಕೊಟ್ಟವರು ಯಾರು?"

ಹತ್ತು ವರ್ಷದ ಹಿಂದೆ, ಅರವತ್ತೊಂಬತ್ತರ ಚಳಿಯಲ್ಲಿ ನಮಗೆ ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟು, ಹಸುಗೂಸು ಸುಧಾಳನ್ನು ತನ್ನ ಕೋಟಿನೊಳಗೇ ಬೆಚ್ಚಗೆ ಎತ್ತಿಕೊಂಡು ತಿರುಗುತ್ತಿದ್ದ ಅಜ್ಜಿ ನೆನಪಾದರು.

"ಮಿಸೆಸ್ ಮ್ಯಾಕ್‌ಲೀನ್" ಎಂದೆ.

ಮುದುಕ ಆ ವಂಶದ ಹಸಿರು ಚೌಕಳಿಯ ಸ್ಕರ್ಟ್ ತೆಗೆದುಕೊಟ್ಟ. ಸುಧಾ ಅಂಗಡಿಯಲ್ಲೇ ಒಂದು ಸುತ್ತು ಕುಣಿದಳು.

ಕಾರಿನಲ್ಲಿ ಇವರು ಗಂಭೀರವಾಗಿ ಹೇಳಿದರು: "ನೋಡು, ಇನ್ನು ಮ್ಯಾಕ್‌ಲೀನ್ ಮನೆತನದ ಹುಡುಗನ್ನ ಇವಳು ಮದುವೆ ಆಗೋ ಹಾಗಿಲ್ಲ. ಸಗೋತ್ರ ಆಗತ್ತೆ."

ಅಂದರೆ ಮಿಕ್ಕ ಸ್ಕಾಟಿಷ್ ಹುಡುಗರಿಗೆಲ್ಲ ಇವರ ಒಪ್ಪಿಗೆ ಇದೆ ಅಂತಾಯಿತು. ನೀವೆಲ್ಲ ಸಾಕ್ಷಿ!