ಮೂಗು ಸಾಲ ಕೊಟ್ಟ ಭಾನುವಾರ

ವೈನ್ ಬಗ್ಗೆ ನನಗೆ ತಿಳಿದಿರುವುದು ಎರಡೇ ಸಂಗತಿ. ಒಂದು ಕೆಂಪಗಿರುತ್ತದೆ, ಇನ್ನೊಂದು ಬೆಳ್ಳಗಿರುತ್ತದೆ. ಕೆಂಪಗಿರುವುದನ್ನು ಕುಡಿದರೆ ಕಿವಿ ಬಿಸಿಯಾಗುತ್ತದೆ, ಬೆಳ್ಳಗಿರುವುದನ್ನು ಕುಡಿದರೆ ಮಾತು ಜಾಸ್ತಿಯಾಗುತ್ತದೆ. ಇವಳಿಗೆ ಮಾತು ಜಾಸ್ತಿಯಾಗಲು ವೈನೇ ಬೇಕಿಲ್ಲ ಎಂದು ನನ್ನ ಗಂಡ ಎಲ್ಲರೆದುರೂ ಹೇಳುತ್ತಾನೆ. ಹೇಳಲಿ. ಇಂಥ ನಾನು ಹೋದ ಅಕ್ಟೋಬರಿನ ಒಂದು ಭಾನುವಾರ ನಮ್ಮ ಗುಂಪಿನ ವೈನ್ ಪಂಡಿತೆಗೇ ಮೂಗು ಸಾಲ ಕೊಟ್ಟೆ.

ನಮ್ಮದು ನಾಲ್ಕು ಮನೆಯವರ ಗುಂಪು. ಎರಡು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಪ್ರತಿ ಮನೆಯವರೂ ಒಂದು ಅಡುಗೆ, ಒಂದು ಬಾಟಲಿ ತರಬೇಕು. ಬಾಟಲಿಯನ್ನು ಕಂದು ಕಾಗದದ ಚೀಲಕ್ಕೆ ಹಾಕಿ, ಕತ್ತಿಗೆ ದಾರ ಕಟ್ಟಿ ಮೇಜಿನ ಮೇಲಿಡಬೇಕು. ಒಳಗೇನಿದೆ ಎಂದು ಯಾರೂ ಬಾಯಿ ಬಿಡುವಂತಿಲ್ಲ. ಮೊದಲು ಆ ಪಂಡಿತೆ, ನನ್ನ ಗೆಳತಿ, ಲೋಟಕ್ಕೆ ಮೂಗಿಟ್ಟು, ಇದರಲ್ಲಿ ಇಂಥಿಂಥ ವಾಸನೆಯಿದೆ, ಇದು ಇಂಥ ಅಡುಗೆಗೆ ಜೋಡಿ ಎಂದು ಹೇಳುತ್ತಾಳೆ. ಅವಳು ಹೇಳುವ ತನಕ ಯಾರೂ ಒಂದು ಗುಟುಕೂ ಕುಡಿಯುವಂತಿಲ್ಲ. ಈ ಶಾಸ್ತ್ರವನ್ನು ಯಾರು ಶುರು ಮಾಡಿದರೋ ನೆನಪಿಲ್ಲ, ಆದರೆ ಮದುವೆಯ ಮುಹೂರ್ತವನ್ನಾದರೂ ತಪ್ಪಿಸಿಯೇವು, ಇದನ್ನು ತಪ್ಪಿಸುವುದಿಲ್ಲ.

ಅವಳ ಮೂಗು ಅಂಥದ್ದು. ಈ ದೇಶಕ್ಕೆ ಬಂದ ಹೊಸದರಲ್ಲಿ ನಾವಿಬ್ಬರೂ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು, ಅವಳು ಮೇಲಿನ ಮನೆ, ನಾನು ಕೆಳಗಿನದು. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಮೇಲಿನಿಂದ ಫೋನ್ ಬರುತ್ತಿತ್ತು. "ಇಂಗು ಜಾಸ್ತಿ ಆಯ್ತು ಕಣೆ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾರು ಬಡಿಸಿಕೊಂಡು ನೋಡಿದರೆ ಇಂಗು ಜಾಸ್ತಿಯೇ ಆಗಿರುತ್ತಿತ್ತು.

ಆ ಭಾನುವಾರಕ್ಕೆ ಒಂದು ವಾರ ಮುಂಚೆ ಅವಳು ಈಸ್ಟ್‌ಗೇಟಿನ ನಮ್ಮ ಮನೆಗೆ ಬಂದಿದ್ದಳು. ಒಲೆಯ ಮೇಲೆ ಹಾಲಿಟ್ಟು, ನೋಡ್ಕೋ ಎಂದು ಹೇಳಿ ನಾನು ಬಟ್ಟೆ ಒಣಗಿಸುವ ಮಿಷನ್ ಖಾಲಿ ಮಾಡಲು ಹೋದೆ. ವಾಪಸ್ ಬರುವಷ್ಟರಲ್ಲಿ ಹಾಲು ಉಕ್ಕಿ, ಹರಿದು, ತಳ ಹತ್ತಿ, ಕರಕಲಾಗಿ, ಅಡುಗೆಮನೆಯ ತುಂಬ ಸೀದ ವಾಸನೆ. ಅವಳು ಒಲೆಗೆ ಬೆನ್ನು ಮಾಡಿ ನಿಂತು ಆರಾಮವಾಗಿ ಫೋನ್ ನೋಡುತ್ತಿದ್ದಳು. ಹೊಗೆಯ ಅಲಾರಂ ಹೊಡೆದುಕೊಳ್ಳತೊಡಗಿದ ಮೇಲೆ ಬೆಚ್ಚಿ ತಿರುಗಿದಳು.

"ಮೂಗಿಲ್ವೇನೇ ನಿಂಗೆ?" ಎಂದು ಕಿರುಚಿದೆ.

"ಇಲ್ಲ," ಎಂದಳು.

ತಮಾಷೆ ಎಂದುಕೊಂಡು ನಾನು ಟವೆಲಿನಿಂದ ಅಲಾರಮ್ಮಿಗೆ ಗಾಳಿ ಬೀಸುತ್ತಿದ್ದೆ. ತಿರುಗಿ ನೋಡಿದರೆ ಅವಳು ಕುರ್ಚಿಯ ಮೇಲೆ ಕೂತು ಅಳುತ್ತಿದ್ದಳು. ವರ್ಷದ ಮೊದಲಿಗೆ ಒಂದು ಜ್ವರ ಬಂದಿತ್ತಂತೆ. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಡಾಕ್ಟರು, ವಾಸನೆ ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ. ಅವಳ ಗಂಡನೊಬ್ಬನಿಗೆ ಗೊತ್ತಿತ್ತು. ಹಿಂದಿನ ಕೂಟಗಳಲ್ಲಿ ಬಣ್ಣ ನೋಡಿ, ಹಳೆಯ ಅಭ್ಯಾಸದ ಮೇಲೆ ಬಾಯಿಗೆ ಬಂದದ್ದು ಹೇಳಿ ದಾಟಿದ್ದಳಂತೆ. ನಾವೆಲ್ಲ ಹೌದೌದು ಎಂದು ತಲೆದೂಗಿದ್ದೆವು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!

"ಹೇಳ್ಬಿಡೇ ಎಲ್ರಿಗೂ. ಅದ್ರಲ್ಲೇನಿದೆ?" ಎಂದೆ.

"ಬೇಡ. ಬಾಯ್ಬಿಟ್ಟು ಹೇಳಿದ್ರೆ ಅದು ನಿಜ ಆಗೋಗುತ್ತೆ ಕಣೆ. ಇನ್ನೊಂದ್ ಸ್ವಲ್ಪ ದಿನ, ಬಂದ್ಬಿಡುತ್ತೇನೋ. ಯಾರಿಗೂ ಗೊತ್ತಾಗೋದು ಬೇಡ."

ಅವಳಿಗೆ ಬೇಕಾಗಿದ್ದು ಅಷ್ಟೇ. ನಾನು ಸುಟ್ಟ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಆಗಲಿ, ಈ ಸಲ ನಿನ್ನ ಪಕ್ಕದಲ್ಲಿ ಕೂತು ನಾನೇ ಮೂಸುತ್ತೇನೆ, ಸನ್ನೆ ಮಾಡುತ್ತೇನೆ, ನೀನು ಹೇಳು ಎಂದು ಮಾತು ಕೊಟ್ಟೆ.

ಆ ವಾರವಿಡೀ ನಮಗೆ ಅದೇ ಕೆಲಸ. ಅವಳ ಮನೆಯಲ್ಲಿ ಅರ್ಧ ಖಾಲಿಯಾದ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಅವಳು ಕೇಳುವಳು, ನಾನು ಮೂಸುವೆನು. ಸನ್ನೆಗಳೂ ತಯಾರಾದವು. ಕಿವಿಯ ಜುಮುಕಿ ಮುಟ್ಟಿದರೆ ಓಕ್ ಮರ, ಅಂದರೆ ವೈನ್ ತುಂಬಿಡುವ ಪೀಪಾಯಿಯ ವಾಸನೆ. ಬಳೆ ತಿರುಗಿಸಿದರೆ ನಿಂಬೆ, ಕಿತ್ತಳೆ. ಕನ್ನಡಕ ತೆಗೆದರೆ ಹೊಗೆ. ಮೂಗು ಉಜ್ಜಿದರೆ ಚರ್ಮ. ವೈನಿನಲ್ಲಿ ಚರ್ಮದ ವಾಸನೆ ಯಾಕೆ ಬರಬೇಕು, ಬಂದರೆ ಅದನ್ನು ದುಡ್ಡು ಕೊಟ್ಟು ಯಾಕೆ ಕುಡಿಯಬೇಕು ಎಂದು ಕೇಳಿದ್ದಕ್ಕೆ ಬೈಸಿಕೊಂಡೆ. ಚೆರ್ರಿ, ಬೆರ್ರಿ ಎಲ್ಲ ಬಣ್ಣ ನೋಡಿ ತಾನೇ ಸೇರಿಸಿಕೊಳ್ಳುತ್ತೇನೆ ಎಂದಳು. ಅವಳು ನಗುವುದನ್ನು ನೋಡಿ ಬಹಳ ದಿನವಾಗಿತ್ತು ಎಂದು ನನಗೆ ಆಗ ಹೊಳೆಯಿತು.

ಆ ಸಲದ ಊಟ ಸ್ನೊಕ್ವಾಲ್ಮಿಯಲ್ಲಿರುವ ಮೂರನೆಯವರ ಮನೆಯಲ್ಲಿ. ಅವಳ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರಿಂದ ಅವಳೂ ಎಂಟು ವರ್ಷದ ಮಗಳೂ ನಮ್ಮ ಕಾರಿನಲ್ಲೇ ಬಂದರು. ನನ್ನ ಗಂಡ ಡ್ರೈವ್ ಮಾಡುತ್ತಿದ್ದ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಜುಮುಕಿ, ಬಳೆ, ಕನ್ನಡಕ ಎಂದು ರಿಹರ್ಸಲ್ ಮಾಡುತ್ತಿದ್ದರೆ, ಕನ್ನಡಿಯಲ್ಲಿ ನೋಡಿ, "ಇಬ್ರಿಗೂ ಏನಾಗಿದೆ? ಮೈಯಲ್ಲಿ ಇರುವೆ ಬಿಟ್ಕೊಂಡಿದೀರಾ?" ಎಂದ. ನಾವು ಬಾಯಿಗೆ ಶಾಲು ತುರುಕಿಕೊಂಡು ನಕ್ಕೆವು.

ಆ ಮನೆಯ ಯಜಮಾನ ನಮ್ಮ ಗುಂಪಿನ ತುಂಟ, ಯಜಮಾನಿ ವಾಂಗಿಬಾತಿನ ತಜ್ಞೆ. ನಾವು ಹೋಗುವಷ್ಟರಲ್ಲಿ ನಾಲ್ಕನೆಯ ಮನೆಯವರೂ ಬಂದಿದ್ದರು. ಅವರು ಮೈಸೂರಿನ ಮುಸ್ಲಿಂ ದಂಪತಿ. ಇಬ್ಬರೂ ಕುಡಿಯುವುದಿಲ್ಲ, ಆದರೆ ಒಂದು ಸಲವೂ ತಪ್ಪಿಸಿಕೊಂಡವರಲ್ಲ. ಅವರ ಬಿರಿಯಾನಿ ಬರದಿದ್ದರೆ ನಾವೇ ತಪ್ಪಿಸಿಕೊಂಡೇವು. ಬಾಟಲಿಯ ಬದಲು ಅವರು ಯಾವಾಗಲೂ ಒಂದು ಜಗ್ಗು ಜ್ಯೂಸ್ ತರುತ್ತಿದ್ದರು. ಮಕ್ಕಳೆಲ್ಲ ಕೆಳಗಿನ ಬೇಸ್‌ಮೆಂಟಿಗೆ ಓಡಿದರು.

ಅಂದು ನಾನು ಮಾಡಿಕೊಂಡು ಹೋಗಿದ್ದು ಮೆಣಸಿನಕಾಯಿ ಬಜ್ಜಿ. ನನ್ನ ಕೈಯಾರೆ ನಾನೇ ಹಳ್ಳ ತೋಡಿಕೊಂಡಿದ್ದೆ. ಬಿಸಿಬಿಸಿಯಾಗಿ ಕರಿದು ಎಲ್ಲರಿಗೂ ಕೊಟ್ಟು, ನಾನೂ ಎರಡು ತಿಂದೆ. ಮೆಣಸಿನಕಾಯಿ ಆ ಸಲ ಎಲ್ಲಿಂದ ಬಂದಿತ್ತೋ, ಖಾರ ನೆತ್ತಿಗೇರಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅದೇ ಹೊತ್ತಿಗೆ ಮೊದಲ ಬಾಟಲಿ ತೆಗೆದರು.

ಬಿಳಿಯದು. ನಾನು ಮೂಸಿ ಬಳೆ ತಿರುಗಿಸಿದೆ. "ನಿಂಬೆ," ಎಂದು ಅವಳು ಗಂಭೀರವಾಗಿ ಶುರು ಮಾಡಿದಳು. ಅಷ್ಟರಲ್ಲಿ ನನ್ನ ಮೂಗು ಸೋರಿತು, ಉಜ್ಜಿದೆ. "ಜೊತೆಗೆ... ಚರ್ಮ," ಎಂದಳು. ಎಲ್ಲರೂ ಹುಬ್ಬೇರಿಸಿದರೂ ಕುಡಿದರು. ಎರಡನೆಯದು ಕೆಂಪು. ನಾನು ಜುಮುಕಿ ಮುಟ್ಟಿದೆ, ಮತ್ತೆ ಮೂಗು. "ಓಕು, ಚೆರ್ರಿ, ಚರ್ಮ." ಮೂರನೆಯದಕ್ಕೆ ನಾನು ಉಸಿರು ಬಿಗಿಹಿಡಿದು ಕೂತೆ. ಸೀನು ಬಂತು. ಟಿಶ್ಯೂ ತೆಗೆದುಕೊಂಡು ಒರೆಸಿಕೊಳ್ಳಲೇಬೇಕಾಯಿತು. "ಇದ್ರಲ್ಲಿ ಬರೀ ಚರ್ಮಾನೇ," ಎಂದಳು ಪುಣ್ಯಾತ್ಗಿತ್ತಿ.

"ಏನ್ರೀ ಇದು," ಎಂದ ಆ ಮನೆಯ ಯಜಮಾನ, "ದ್ರಾಕ್ಷಿ ತೋಟದಿಂದ ತಂದ್ರೋ, ಚಪ್ಪಲಿ ಅಂಗಡಿಯಿಂದ ತಂದ್ರೋ?"

ನನಗೆ ನಗು ತಡೆಯಲಾಗಲಿಲ್ಲ. ಮೇಜಿನ ಕೆಳಗೆ ಅವಳು ನನ್ನ ಕಾಲು ತುಳಿದಳು. ನಗುವನ್ನು ಕೆಮ್ಮಿನಂತೆ ಮಾಡಿ ನುಂಗಿಕೊಂಡೆ. ಅಷ್ಟು ಹೊತ್ತಿಗೆ ಮೂರೂ ಬಾಟಲಿಯಿಂದ ಒಂದೊಂದು ಗುಟುಕು ನನ್ನೊಳಗೆ ಹೋಗಿತ್ತು ಎಂಬುದನ್ನೂ ಹೇಳಬೇಕು.

ನಾಲ್ಕನೆಯ ಚೀಲ ಮುಂದೆ ಬಂತು. ಗಾಢ ಕೆಂಪು, ಕಪ್ಪೆಂದರೂ ನಡೆಯುತ್ತದೆ. ನಾನು ಮೂಗಿಟ್ಟೆ. ಅದು ವೈನೇ ಅಲ್ಲ. ನೇರಳೆ ಹಣ್ಣಿನ ಶರಬತ್ತು! ಮೈಸೂರಿನವರು ಈ ಸಲ ನಿಯಮ ಪಾಲಿಸೋಣವೆಂದು ಅದನ್ನು ಬಾಟಲಿಗೆ ಹಾಕಿ, ಚೀಲಕ್ಕೆ ಹಾಕಿ, ದಾರ ಕಟ್ಟಿ ತಂದಿದ್ದರು. ನೇರಳೆಗೆ ನಮ್ಮ ಹತ್ತಿರ ಸನ್ನೆ ಇರಲಿಲ್ಲ. ವೈನ್ ಅಲ್ಲ ಎಂಬುದಕ್ಕಂತೂ ಇರಲೇ ಇಲ್ಲ.

ಅಲ್ಲ ಅಲ್ಲ ಎಂದು ಮೆಲ್ಲಗೆ ತಲೆಯಾಡಿಸಿದೆ. ಜುಮುಕಿಗಳು ಓಲಾಡಿದವು. ಅವಳ ಕಣ್ಣು ಅರಳಿತು, ಓಕ್! ಗಾಬರಿಯಾಗಿ ಜುಮುಕಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಓಕ್, ಅದೂ ಎರಡರಷ್ಟು. ನಗು ಉಕ್ಕಿ ಕಣ್ಣೀರು ಬಂತು, ಕನ್ನಡಕ ತೆಗೆದು ಒರೆಸಿಕೊಂಡೆ. ಹೊಗೆ. ಮೂಗನ್ನು ಮಾತ್ರ ಮುಟ್ಟಬಾರದು ಎಂದುಕೊಂಡೆ, ಮುಟ್ಟಿದೆ.

ಅವಳು ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದಳು. "ಹಳೇ ಓಕ್ ಪೀಪಾಯಿ. ತುಂಬಾ ಹಳೇದು. ಅದ್ರ ಮೇಲೆ ಹೊಗೆ. ಕೊನೇಲಿ ಒಳ್ಳೇ ಚರ್ಮ. ಏನಿಲ್ಲಾಂದ್ರೂ ಏಳೆಂಟು ವರ್ಷ ಕತ್ತಲೆಯಲ್ಲಿ ಇಟ್ಟಿರೋ ವೈನು. ಬಿರಿಯಾನಿಗೆ ಇದೇ ಜೋಡಿ."

ಮೈಸೂರಿನ ಗೆಳತಿ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಹೇಳಿದಳು. "ಅಕ್ಕಾ, ಅದು ನೇರಳೆ ಹಣ್ಣು. ನಿನ್ನೆ ಸಾಯಂಕಾಲ ಮಾಡಿದ್ದು. ಜೀರಿಗೆ, ಕಪ್ಪು ಉಪ್ಪು ಹಾಕಿದೀನಿ ಅಷ್ಟೇ... ಬಿರಿಯಾನಿ ಜೊತೆ ಚೆನ್ನಾಗಿರುತ್ತೆ, ಅದೊಂದು ನಿಜ."

ಮೊದಲು ನಕ್ಕವಳು ನನ್ನ ಗೆಳತಿಯೇ. ಆಮೇಲೆ ನಾನು ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಿದ್ದೆ. ಯಜಮಾನ ಎದ್ದು ನಿಂತು, "ಚರ್ಮ! ನೇರಳೆಹಣ್ಣಲ್ಲೂ ಚರ್ಮ!" ಎಂದು ಕುಣಿದ. ವಾಂಗಿಬಾತಿನವಳಿಗೆ ಬಿಕ್ಕಳಿಕೆ ಹತ್ತಿತು. ಅಷ್ಟು ಜೋರಾಗಿ, ಅಷ್ಟು ಹೊತ್ತು ನಾವು ಯಾವತ್ತೂ ನಕ್ಕಿರಲಿಲ್ಲ. ಒಬ್ಬರದು ನಿಂತಿತೆಂದರೆ ಇನ್ನೊಬ್ಬರದು ಶುರು. ಕೊನೆಗೆ ಎಲ್ಲರದೂ ನಿಂತ ಮೇಲೂ ಅವಳ ಹೆಗಲು ಕುಲುಕುತ್ತಲೇ ಇತ್ತು. ಅದು ನಗುವಲ್ಲ ಎಂದು ಎಲ್ಲರಿಗೂ ತಿಳಿಯಿತು.

"ನಂಗೆ ವಾಸನೆ ಬರಲ್ಲ," ಎಂದಳು. "ಜನವರಿಯಿಂದ. ಏನೂ ಬರಲ್ಲ."

ಹೇಳಬಾರದೆಂದು ಇಷ್ಟೆಲ್ಲ ಕುಣಿದದ್ದು ನೀರಲ್ಲಿ ಹೋಮವಾಯಿತು. ಎಲ್ಲ ನನ್ನ ಮೂಗಿನಿಂದಲೇ ಆದದ್ದು ಎಂದು ನನಗೆ ಅಳು ಬಂತು. ಯಜಮಾನ ಮುಖ ಸಣ್ಣದು ಮಾಡಿಕೊಂಡು ಕೂತ. ಇಷ್ಟು ದಿನ ಒಬ್ಬಳೇ ನುಂಗಿಕೊಂಡು ಇದ್ದೆಯಾ ಎಂದು ವಾಂಗಿಬಾತಿನವಳು ಅವಳ ಕೈ ಹಿಡಿದುಕೊಂಡಳು.

ಆಗ ಮೈಸೂರಿನವನು, ನಮ್ಮಲ್ಲೆಲ್ಲ ಮಾತು ಕಡಿಮೆಯವನು, ಆ ಶರಬತ್ತಿನ ಲೋಟವನ್ನು ತನ್ನ ಕಡೆ ಎಳೆದುಕೊಂಡು ಮೂಸಿದ. "ನಾನು ಹೇಳ್ತೀನಿ, ಕೇಳಿ. ನಮ್ಮ ಸ್ಕೂಲಿನ ಹಿಂದೆ ಒಂದು ಮರ ಇತ್ತು. ಹಣ್ಣು ಬಿದ್ದು ಕಾಲಲ್ಲಿ ತುಳಿದು ನೆಲ ಎಲ್ಲಾ ಜಿಗಿಜಿಗಿ. ಬಿಳೀ ಷರ್ಟಿನ ಮೇಲೆ ಕಲೆ. ಅಮ್ಮ ಬೈಕೊಂಡು ಸೋಪ್ ಹಾಕಿ ಉಜ್ಜುವಾಗ ಒಂದು ವಾಸನೆ ಬರುತ್ತಲ್ಲಾ, ಅದು."

ಅವಳು ತಲೆಯೆತ್ತಿದಳು. "ಒಗೆಯೋ ಕಲ್ಲಿನ ಹತ್ರ?"

"ಹಾಂ, ಅದೇ."

"ಗೊತ್ತು," ಎಂದಳು. "ಅದು ಗೊತ್ತು ನಂಗೆ."

ಅಲ್ಲಿಂದ ನಮ್ಮನ್ನು ಹಿಡಿಯುವವರಿರಲಿಲ್ಲ. ಯಜಮಾನ ಮೊದಲ ಬಾಟಲಿಯ ಬಿಳಿ ವೈನನ್ನು ಮತ್ತೆ ಸುರಿದುಕೊಂಡು ಕಣ್ಣು ಮುಚ್ಚಿ ಮೂಸಿ, "ಪೆಟ್ರೋಲ್ ಬಂಕು! ಸ್ಕೂಟರ್ ಮುಂದ್ಗಡೆ ನಾನು ನಿಂತಿದೀನಿ, ಅಪ್ಪ ಪೆಟ್ರೋಲ್ ಹಾಕಿಸ್ತಿದಾರೆ!" ಎಂದ. ಅದೇ ಲೋಟ ಮೂಸಿದ ನನ್ನ ಗಂಡ, ಅಲ್ಲವೇ ಅಲ್ಲ, ಹೊಸ ಪ್ಲಾಸ್ಟಿಕ್ ಕೊಡ ಎಂದು ಜಗಳಕ್ಕೆ ನಿಂತ. ಕೆಂಪು ವೈನಿಗೆ ವಾಂಗಿಬಾತಿನವಳು, ಜೂನ್ ತಿಂಗಳಲ್ಲಿ ಹೊಸ ಪುಸ್ತಕಕ್ಕೆ ಹಾಕುವ ಕಂದು ರಟ್ಟು ಎಂದಳು. ನಾನು, ಮದುವೆ ಮನೆಯಲ್ಲಿ ಬಾಡಿದ ಹೂವಿನ ಹಾರ, ಅದರ ಪಕ್ಕದಲ್ಲೇ ಯಾರೋ ಬೀಡಿ ಸೇದಿದ್ದಾರೆ ಎಂದೆ. ಥೂ ಎಂದರು ಎಲ್ಲರೂ. ಅವಳು ಮಾತ್ರ, "ಇರು, ಇರು, ಬೀಡಿ ಮೊದಲು ಬರುತ್ತಾ, ಹೂವು ಮೊದಲು ಬರುತ್ತಾ?" ಎಂದು ವಿಚಾರಣೆ ಮಾಡಿದಳು. ಹೂವು ಮೊದಲು ಎಂದೆ. ಹಾಗಾದರೆ ಬಜ್ಜಿಗೆ ಬೇಡ, ವಾಂಗಿಬಾತಿನ ಜೊತೆ ಕುಡಿಯಿರಿ ಎಂದು ತೀರ್ಪು ಕೊಟ್ಟಳು. ಕುಡಿದು ನೋಡಿದರೆ, ಹಾಳಾದವಳು, ಸರಿಯಾಗಿಯೇ ಇತ್ತು! ನನಗೆ ಸಂತೋಷಕ್ಕೆ ಎದ್ದು ಕುಣಿಯಬೇಕೆನಿಸಿತು.

ಗಲಾಟೆ ಕೇಳಿ ಅವಳ ಮಗಳು ಬೇಸ್‌ಮೆಂಟಿನಿಂದ ಮೇಲೆ ಬಂದಳು. "ಅಮ್ಮಾ, ಆರ್ ಯೂ ಕ್ರೈಯಿಂಗ್?"

"ನಕ್ಕೂ ನಕ್ಕೂ ಬಂತು ಪುಟ್ಟಿ. ಬಾ ಇಲ್ಲಿ."

ಮಗಳು ಬಂದು ಅಮ್ಮನ ತೊಡೆಯ ಮೇಲೆ ಕೂತಳು. ಅವಳು ಮಗಳ ನೆತ್ತಿಗೆ ಮೂಗಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದು ನಮ್ಮ ಕಡೆ ನೋಡಿ, "ಇದನ್ನ ಹೇಳ್ರೇ," ಎಂದಳು.

ನಾನು ಎದ್ದು ಹೋಗಿ ಬಗ್ಗಿದೆ. ಶಾಂಪೂ ಎಂದೆ. ಮೈಸೂರಿನವಳು ಬಂದು ಬಗ್ಗಿ, ಬೆವರು, ಆಮೇಲೆ ನನ್ನ ಬಿರಿಯಾನಿ ಎಂದಳು. ವಾಂಗಿಬಾತಿನವಳು ಕೊಬ್ಬರಿ ಎಣ್ಣೆ ಎಂದಳು. "ಯೂ ಗೈಸ್ ಆರ್ ಸೋ ವಿಯರ್ಡ್," ಎಂದು ಮಗು ಕಿಲಕಿಲ ನಕ್ಕಿತು.

"ಅದೆಲ್ಲ ಸರಿ. ಅದ್ರ ಕೆಳಗೆ?" ಎಂದು ಅವಳು ನನ್ನನ್ನೇ ಕೇಳಿದಳು.

ಮತ್ತೆ ಬಗ್ಗಿ ಮೂಸಿದೆ. ಆ ಮಗುವನ್ನು ಹುಟ್ಟಿದ ವಾರದಿಂದ ಎತ್ತಿ ಆಡಿಸಿದವಳು ನಾನು. "ಅದರ ಕೆಳಗೆ ಇವಳೇ," ಎಂದೆ.

"ಮೊದಲಿನ ಹಾಗೇ ಇದೆಯಾ? ಬದಲಾಗಿಲ್ಲ ತಾನೇ?"

"ಹಾಗೇ ಇದೆ ಕಣೆ. ಏನೂ ಬದಲಾಗಿಲ್ಲ."

ಅವಳು ಇನ್ನೊಂದು ಸಲ ಬಗ್ಗಿ, ನಾನು ಹೇಳಿದ್ದನ್ನು ನಂಬಿಕೊಂಡು, ಮಗಳ ತಲೆ ಮೂಸಿದಳು.