ನಾಲ್ಕು ಮುಚ್ಚಳ ಸಿರಪ್

“ನಲವತ್ತು ಎಂ.ಎಲ್. ಅಂದ್ರೆ ಈ ಮುಚ್ಚಳ್ದಲ್ಲಿ ನಾಕು ಆಯ್ತದೆ ಕಣವ್ವ. ಕೂಸು ತಡ್ಕತದಾ?” ಎಂದು ಪಕ್ಕದ ಸೀಟಿನ ಅಜ್ಜಿ ಕೇಳಿದಾಗ ನಮ್ಮ ಬಸ್ಸು ರಾವಂದೂರು ದಾಟಿತ್ತು. ಫಾರ್ಮಸಿ ಟೆಕ್ನಿಷಿಯನ್ ಪರೀಕ್ಷೆಗೆಂದು ನಾನು ಪುಸ್ತಕದಲ್ಲಿದ್ದ, ಜ್ವರದ ಮಗುವಿಗೆ ಕೊಡುವ ಸಿರಪ್‌ನ ಡೋಸ್ ಲೆಕ್ಕವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅಜ್ಜಿಯ ತೊಡೆಯ ಮೇಲೆ ಜ್ವರದ ಮೊಮ್ಮಗಳು, ಕೈಯಲ್ಲಿ ಆಗಷ್ಟೇ ಕೊಂಡ ಸಿರಪ್ ಬಾಟಲಿ. ಗಾಬರಿಯಿಂದ ಮತ್ತೆ ಲೆಕ್ಕ ಮಾಡಿದೆ. ಭಾಗಿಸುವಾಗ ಒಂದು ಸೊನ್ನೆ ಹೆಚ್ಚಾಗಿತ್ತು.

“ತಪ್ಪಾಗಿತ್ತು ಅಜ್ಜಿ, ನಾಲ್ಕೇ ಎಂ.ಎಲ್.” ಎಂದೆ.

ಅಜ್ಜಿ ಮೊಮ್ಮಗಳನ್ನು ಮೆಲ್ಲಗೆ ಕಿಟಕಿಯ ಕಡೆಗೆ ಸರಿಸಿಕೊಂಡರು. “ನೀ ಪಾಸಾಗೋಗಂಟ ಇವ್ಳಿಗೆ ಇನ್ನೊಂದ್ಸಲ ಜರ ಬರ್ದಿದ್ರೆ ಸಾಕು ಬುಡವ್ವ.”

ಈಗ ಕ್ಯಾಲ್ಕುಲೇಟರ್ ಏನೇ ಹೇಳಲಿ, ಉತ್ತರ ಬರೆಯುವ ಮೊದಲು ಮನಸ್ಸಿನಲ್ಲೇ ಆ ಮುಚ್ಚಳಕ್ಕೆ ಸುರಿದು, ಆ ಪುಟ್ಟ ಬಾಯಿಯನ್ನೊಮ್ಮೆ ನೋಡುತ್ತೇನೆ.