ಮುಷ್ಟಿಯಲ್ಲಿ ಅಡಗುವ ಚೈನ್ ಟೂಲ್

ದಸರಾ ದಿನ ಬೆಳಿಗ್ಗೆ ಎಂಟು ಗಂಟೆಗೆ ಗುಡ್ಡದ ಕಚ್ಚಾ ದಾರಿಯಲ್ಲಿ ನನ್ನ ಸೈಕಲ್ಲಿನ ಚೈನ್ ಟಕ್ಕಂತ ತುಂಡಾಯಿತು. ನನಗಾದ ಖುಷಿಗೆ, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಪೇಡೆ ಹಂಚುತ್ತಿದ್ದೆ.

ತಲೆ ಕೆಟ್ಟಿದೆಯಾ ಅಂತ ಕೇಳಬೇಡಿ. ಈ ಗಳಿಗೆಗಾಗಿ ಒಂದು ತಿಂಗಳಿಂದ ಕಾಯುತ್ತಿದ್ದೆ. ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಹೊಸ ಚೈನ್ ಟೂಲ್ ಇತ್ತಲ್ಲ. (ಗೊತ್ತಿಲ್ಲದವರಿಗೆ: ಚೈನಿನ ಪಿನ್ನನ್ನು ತಿರುಪಿನಿಂದ ತಳ್ಳಿ, ಮುರಿದ ಕೊಂಡಿ ತೆಗೆದು, ಉಳಿದದ್ದನ್ನು ಮತ್ತೆ ಜೋಡಿಸುವ ಉಪಕರಣ.)

ಪುಣೆಯ ಕೋಥರೂಡದ ಫ್ಲ್ಯಾಟನ್ನು ಎರಡೇ ಸಲ ನೋಡಿ ಅಡ್ವಾನ್ಸ್ ಕೊಟ್ಟ ಮನುಷ್ಯ ನಾನು. ಈ ಟೂಲ್ ಆರಿಸುವುದಕ್ಕೆ ಮಾತ್ರ ಒಂದು ತಿಂಗಳು ಹಿಡಿಯಿತು. ರಿವ್ಯೂ ಓದಿದೆ, ವಿಡಿಯೋ ನೋಡಿದೆ. ಸೈಕಲ್ ಅಂಗಡಿಯವರು ಉದ್ದ ಹಿಡಿಕೆಯದನ್ನು ಮುಂದಿಟ್ಟು, "ಇದೇ ತಗೋಳ್ರಿ, ಕೈಗೆ ಬಲ ಸಿಗ್ತದ" ಅಂತ ಮರಾಠಿಯಲ್ಲಿ ತಿಳಿಹೇಳಿದರು. ನಾನು ಕೇಳಬೇಕಲ್ಲ? ಚೀಲದಲ್ಲಿ ಟೂಲ್ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಾಗಬಾರದು, ಅದು ನನ್ನ ಷರತ್ತು. ಕೊನೆಗೆ ಆನ್‌ಲೈನಿನಲ್ಲಿ ಮುಷ್ಟಿಯೊಳಗೆ ಅಡಗುವಂಥದ್ದೊಂದನ್ನು ತರಿಸಿದೆ. ಬಂದ ದಿನವೇ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಹೆಂಡತಿಯನ್ನು ಕರೆದೆ.

ಶಶಿಕಲಾ ವಿಜಯಪುರದ ಕಡೆಯವಳು, ಮಾತು ನೇರ. "ಅಲ್ರೀ, ಇದರಕಿಂತ ನಮ್ಮ ಅಡಕೊತ್ತ ಭಾರ ಅದ," ಅಂದು ಹೊರಟುಹೋದಳು.

ದಸರಾ ದಿನವೇ ಹತ್ತೂವರೆಗೆ ವಾಕಡದಲ್ಲಿ ಅವಳ ತಂಗಿಯ ಹೊಸ ಮನೆಯ ವಾಸ್ತುಶಾಂತಿ. ಹತ್ತು ವರ್ಷ ಬಾಡಿಗೆ ಮನೆ ಬದಲಿಸಿ ಬದಲಿಸಿ ಕೊಂಡ ಫ್ಲ್ಯಾಟು. ಅಕ್ಕತಂಗಿಯರಿಗೆ ತಂದೆತಾಯಿ ಇಲ್ಲ. ಹಾಗಾಗಿ ಹಿರಿಯರ ಜಾಗದಲ್ಲಿ ನಾವು ಗಂಡಹೆಂಡತಿಯೇ ಕಳಶ ಹಿಡಿದು ಮೊದಲು ಒಳಗೆ ಹೋಗಬೇಕಿತ್ತು. "ಇವತ್ತೊಂದಿನ ಸೈಕಲ್ ಬಿಡ್ರಿ, ಹಾದ್ಯಾಗ ಏನರ ಆದ್ರ?" ಅಂದಿದ್ದಳು ಶಶಿಕಲಾ. "ಏನಾದ್ರೂ ಆಗ್ಲಿ, ಟೂಲ್ ಇದೆಯಲ್ಲ," ಅಂದು ಹೊರಟಿದ್ದೆ.

ಚೀಲ ತೆರೆದೆ. ಟ್ಯೂಬ್ ಇತ್ತು, ಪುಟ್ಟ ಪಂಪ್ ಇತ್ತು. ಟೂಲ್ ಇರಲಿಲ್ಲ.

ಎಲ್ಲಿ ಹೋಯಿತು? ಚೀಲವನ್ನು ತಲೆಕೆಳಗು ಮಾಡಿ ಕೊಡವಿದ ಮೇಲೆ ನೆನಪಾಯಿತು. ಹಿಂದಿನ ದಿನ ಖಂಡೇನವಮಿ. (ನಮ್ಮ ತುಮಕೂರಿನ ಕಡೆ ಆಯುಧಪೂಜೆ.) ದೇವರ ಮುಂದೆ ಶಶಿಕಲಾ ಈಳಿಗೆಮಣೆ, ಮಿಕ್ಸರ್, ಲ್ಯಾಪ್‌ಟಾಪ್ ಸಾಲಾಗಿ ಇಟ್ಟಿದ್ದಳು. ನಾನೇ ಚೀಲದಿಂದ ಟೂಲ್ ತೆಗೆದು, ಎಲ್ಲಕ್ಕಿಂತ ಮುಂದೆ ಇಟ್ಟು, ಕುಂಕುಮ ಹಚ್ಚಿ ಕೈಮುಗಿದಿದ್ದೆ. ಪೂಜೆಯಾದದ್ದನ್ನು ಅವತ್ತೇ ಎತ್ತುವಂತಿಲ್ಲ. ಬೆಳಿಗ್ಗೆ ಹೊರಡುವಾಗ ಚೀಲವನ್ನು ಕೈಯಲ್ಲಿ ತೂಗಿ ನೋಡಿದ್ದೆ, ಏನೂ ವ್ಯತ್ಯಾಸ ತಿಳಿಯಲಿಲ್ಲ. ನನ್ನ ಷರತ್ತನ್ನು ಅದು ಚಾಚೂತಪ್ಪದೆ ಪಾಲಿಸಿತ್ತು.

ನಾವೆಲ್ಲ ಹೀಗೇ ಅಲ್ಲವೇ? ಬುದ್ಧಿಯನ್ನೆಲ್ಲ ಕೊಳ್ಳುವಾಗಲೇ ಖರ್ಚು ಮಾಡಿಬಿಡುತ್ತೇವೆ. ದುಬಾರಿ ಫಸ್ಟ್ ಏಡ್ ಬಾಕ್ಸ್ ತರುತ್ತೇವೆ, ಅದರ ಕತ್ತರಿ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿರುತ್ತದೆ. ಸೊಸೈಟಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ. ಅದನ್ನು ಹೇಗೆ ಒತ್ತಬೇಕು ಅಂತ ನಿಮಗೆ ಗೊತ್ತಾ? ನನಗಂತೂ ಗೊತ್ತಿಲ್ಲ.

ವಾಕಿಂಗ್ ಬಂದ ಕಾಕಾ ಒಬ್ಬರು ನಿಂತು ನೋಡಿದರು. ಚೈನನ್ನೂ ನನ್ನನ್ನೂ ಪರೀಕ್ಷಿಸಿ, "ಅಸಂಚ ಹೋತಂ," ಅಂದು ನಡೆದರು. (ಹೀಗೇ ಆಗೋದು ಅಂತ ಅರ್ಥ. ಪುಣೆಯಲ್ಲಿ ಸಲಹೆ ಧಾರಾಳ, ಸಮಾಧಾನ ಇಷ್ಟೇ.)

ಗಂಟೆ ಎಂಟೂವರೆ. ನಿಜ ಹೇಳುತ್ತೇನೆ, ಆಗ ಹೆದರಿಕೆಯಾಯಿತು. ಹಬ್ಬದ ಬೆಳಿಗ್ಗೆ ಅಲ್ಲಿ ರಿಕ್ಷಾ ಸಿಗುವ ಮಾತೇ ಇಲ್ಲ. ನಡೆದರೆ ಮನೆ ಸೇರುವುದಕ್ಕೇ ಹತ್ತೂವರೆ. ಹೊಸಿಲಿನ ಹೊರಗೆ ಶಶಿಕಲಾ ಕಳಶ ಹಿಡಿದು ಒಬ್ಬಳೇ ನಿಂತಂತೆ ಕಣ್ಣಿಗೆ ಕಟ್ಟಿತು. ಫೋನ್ ಮಾಡಿದೆ.

"ನನ್ನ ಟೂಲ್ ದೇವರ ಮನೇಲಿ ಇದೆಯಾ ನೋಡು."

"ಅದ ರೀ. ಕುಂಕುಮ ಹಚ್ಕೊಂಡು ಕುಂತದ."

"ಚೈನ್ ಕಟ್ಟಾಗಿದೆ ಕಣೇ..."

"ಗುಡ್ಡದ ಕೆಳಗ ಚಹಾದಂಗಡಿ ಅದಲ್ಲ, ಅಲ್ಲಿಗೆ ಬಂದು ನಿಲ್ರಿ," ಅಂದಳು.

ಇಳಿಜಾರಿನಲ್ಲಿ ಸೈಕಲ್ಲಿಗೆ ಚೈನ್ ಬೇಕಿಲ್ಲ. ಉರುಳಿಸಿಕೊಂಡು ಬಂದು, ಅಂಗಡಿಯ ಬೆಂಚಿಗೆ ಸೈಕಲ್ ಒರಗಿಸಿ ಲೆಕ್ಕ ಹಾಕಿದೆ. ಟೂಲ್ ಬಂದರೆ ಹತ್ತು ನಿಮಿಷದ ಕೆಲಸ. (ವಿಡಿಯೋದಲ್ಲಿ ಮೂರೇ ನಿಮಿಷ. ನಾನು ಒಂದು ಸಲವೂ ಮಾಡಿ ನೋಡಿರಲಿಲ್ಲ, ಹೊಸ ಟೂಲಿಗೆ ಗ್ರೀಸ್ ತಾಗೀತು ಅಂತ.)

ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡ ನಮ್ಮ ಸ್ಕೂಟರ್ ಬಂತು. ರೇಷ್ಮೆ ಸೀರೆಯ ಮೇಲೆ ಹೆಲ್ಮೆಟ್. ಕಾಲ ಬಳಿ ಒಂದು ಬಟ್ಟೆಯ ಚೀಲ. ಆಸೆಯಿಂದ ಕೈಹಾಕಿದೆ. ಒಳಗೆ ನನ್ನ ಪಂಚೆ, ಶರ್ಟು, ಒದ್ದೆ ಟವೆಲ್, ಬಾಚಣಿಗೆ. ತಳದವರೆಗೂ ತಡಕಾಡಿದೆ.

"ಟೂಲ್ ಎಲ್ಲೇ?"

ಶಶಿಕಲಾ ಸ್ಕೂಟರ್ ಬಂದ್ ಕೂಡ ಮಾಡಲಿಲ್ಲ.

"ಕಳಶದ ಜೋಡಿ ಮನಿ ಒಳಗ ಬರೂದು ನೀವೋ, ನಿಮ್ಮ ಸೈಕಲ್ಲೋ?"